ಮಳೆಗಾಲಕ್ಕೆ ಮನೆಯೊಳಗೇ ಸೈಕಲ್: ತೂಕ ಇಳಿಸಲು ಇಂಟರ್ವಲ್ ಶುರು ಮಾಡುವುದು ಹೇಗೆ?

ತುಂಗೆದಡದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ವಯಸ್ಸು 44, ಎತ್ತರ 157 ಸೆಂಟಿಮೀಟರ್, ತೂಕ 78 ಕೆ.ಜಿ. ಬೇಸಿಗೆಯಲ್ಲಿ ಬೆಳಿಗ್ಗೆ ತೋಟದ ದಾರಿಯಲ್ಲಿ ನಡೆಯುತ್ತೇನೆ, ಜೂನ್ ಬಂತೆಂದರೆ ಅದು ನಿಂತೇ ಹೋಗುತ್ತದೆ. ನಮ್ಮ ಕಡೆಯ ಮಳೆಗೆ ಕೊಡೆ ಹಿಡಿದು ನಡೆಯಲು ಬರುವುದಿಲ್ಲ. ಅಂಗಳದ ತುಂಬ ಪಾಚಿ, ದಾರಿಯಲ್ಲಿ ಉಂಬಳ. ಜೊತೆಗೆ ಕಾಲಕ್ಕೆ ತಕ್ಕ ತಿಂಡಿ ಬೇರೆ: ಕಡುಬು, ಹಲಸಿನ ಹಪ್ಪಳ, ಸಂಜೆಗೆ ಬಿಸಿ ಕಾಫಿ. ಪ್ರತಿ ಮಳೆಗಾಲವೂ ಸ್ವಲ್ಪ ತೂಕ ಏರಿಸಿಯೇ ಹೋಗುತ್ತದೆ, ಏರಿದ್ದು ಇಳಿಯುವುದಿಲ್ಲ.

ಈ ಸಲ ವರ್ಗಾವಣೆಯಾಗಿ ಹೋದ ಸಹೋದ್ಯೋಗಿಯೊಬ್ಬರಿಂದ ಎಕ್ಸರ್‌ಸೈಜ್ ಸೈಕಲ್ ಕೊಂಡುಕೊಂಡೆ. ತುಳಿಯುವಾಗ ಹ್ಯಾಂಡಲ್ ಕೂಡ ಹಿಂದೆ ಮುಂದೆ ಆಡುತ್ತದಲ್ಲ, ಆ ಥರದ್ದು. ಬಿಗಿ ಹೆಚ್ಚಿಸಲು ನಡುವೆ ಒಂದು ತಿರುಪು ಇದೆ, 1ರಿಂದ 8ರವರೆಗೆ ಗುರುತು ಹಾಕಿದ್ದಾರೆ. ಜಗಲಿಯಲ್ಲಿ ಇಟ್ಟಿದ್ದೇನೆ. ಹತ್ತು ನಿಮಿಷ ನಿಧಾನ ತುಳಿದರೆ ಏನೂ ಅನ್ನಿಸುವುದಿಲ್ಲ. ಸ್ವಲ್ಪ ಜೋರು ಮಾಡಿದರೆ ಎದೆ ಡವಗುಟ್ಟುತ್ತದೆ, ಏದುಸಿರು ಬರುತ್ತದೆ. ಶಾಲೆಯ ಮೇಲಂತಸ್ತಿನ ಮೆಟ್ಟಿಲು ಹತ್ತಿದರೂ ಇತ್ತೀಚೆಗೆ ಹಾಗೇ ಆಗುತ್ತಿದೆ, ತೂಕದಿಂದಲೇ ಇರಬೇಕು.

ಒಂದಷ್ಟು ಹೊತ್ತು ಜೋರು, ಒಂದಷ್ಟು ಹೊತ್ತು ನಿಧಾನ ತುಳಿಯುವ ಇಂಟರ್ವಲ್ ಪದ್ಧತಿಯಲ್ಲಿ ತೂಕ ಬೇಗ ಇಳಿಯುತ್ತದೆ ಅಂತ ಎಲ್ಲ ಕಡೆ ಓದುತ್ತೇನೆ. ನನ್ನಂಥವಳು ಅದನ್ನು ಎಲ್ಲಿಂದ ಶುರು ಮಾಡಬೇಕು? ಎಷ್ಟು ಸೆಕೆಂಡು ಜೋರು, ಎಷ್ಟು ನಿಧಾನ? ವಾರಕ್ಕೆ ಎಷ್ಟು ದಿನ? ತಿರುಪು ಎಷ್ಟರಲ್ಲಿ ಇಡಬೇಕು? ಥೈರಾಯ್ಡ್ ಕಡಿಮೆ ಇದೆ, ಬೆಳಿಗ್ಗೆ ಮಾತ್ರೆ ತಗೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ. ನಮ್ಮ ಮನೆಯವರಿಗೆ 52, ಬಿಪಿಗೆ ಮೆಟೊಪ್ರೊಲಾಲ್ ನಡೆಯುತ್ತಿದೆ, ಅವರೂ ತುಳಿಯುತ್ತೇನೆ ಅನ್ನುತ್ತಿದ್ದಾರೆ.

ಇನ್ನೊಂದು ವಿಷಯ. ಅಪ್ಪು ಹೋದಾಗಿನಿಂದ ನಮ್ಮ ಅತ್ತೆಗೆ ಎದೆ ಬಡಿತ ಜೋರಾಗುವ ಯಾವ ವ್ಯಾಯಾಮ ಕಂಡರೂ ಭಯ. ನಾನು ತುಳಿಯುವಾಗ ಬಾಗಿಲಲ್ಲೇ ನಿಂತಿರುತ್ತಾರೆ. ಅವರಿಗೆ ಏನು ಹೇಳಿ ಧೈರ್ಯ ತುಂಬಲಿ?

ಜಯನಗರ ರೈಡರ್:

ಮೇಡಂ, ಒಳ್ಳೇ ನಿರ್ಧಾರ. ಟೈಮ್ ಇಲ್ಲದವರಿಗೆ ತಬಾತಾ ಬೆಸ್ಟ್. 20 ಸೆಕೆಂಡ್ ಫುಲ್ ಜೋರು, 10 ಸೆಕೆಂಡ್ ರೆಸ್ಟ್, ಹೀಗೆ 8 ಸಲ. ನಾಲ್ಕೇ ನಿಮಿಷ! ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾಡಿ. ಮುಗಿದ ಮೇಲೂ ಇಡೀ ದಿನ ಕೊಬ್ಬು ಕರಗ್ತಾ ಇರುತ್ತೆ. ನಾನು ಆಫೀಸಿಗೆ ಹೋಗೋ ಮುಂಚೆ ಇದನ್ನೇ ಮಾಡೋದು, ವಾರಾಂತ್ಯದಲ್ಲಿ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯೋಕೆ ಅದರಿಂದ ತುಂಬಾ ಹೆಲ್ಪ್ ಆಗಿದೆ.

ಕಡಲತಡಿ ಫಿಸಿಯೋ:

ಟೀಚರ್, ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಬೈಪಾಸ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಮತ್ತೆ ಧೈರ್ಯವಾಗಿ ಓಡಾಡುವಂತೆ ಮಾಡುವುದು ನನ್ನ ಕೆಲಸ. ಅವರಿಗೆಲ್ಲ ವ್ಯಾಯಾಮ ಕಲಿಸುವುದೂ ಇಂಥ ಸೈಕಲ್ ಮೇಲೆಯೇ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಿಮ್ಮ ಅತ್ತೆಯವರ ಮಾತು. ಅವರ ಭಯವನ್ನು ಸುಮ್ಮನೆ ತಳ್ಳಿಹಾಕಬೇಡಿ. 2021ರ ಅಕ್ಟೋಬರ್ 29ರ ನಂತರ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಜನ ಸಾಲುಗಟ್ಟಿ ಬಂದರು. ಅಪ್ಪು ಅವರಿಗೆ ಹಾಗೆ ಯಾಕಾಯಿತು ಅಂತ ಹೊರಗಿನ ನಾವು ಊಹಿಸುವುದು ಸರಿಯಲ್ಲ. ಆದರೆ ಪರೀಕ್ಷೆ ಮಾಡಿಸಿಕೊಂಡು ಶುರು ಮಾಡಬೇಕು ಅನ್ನುವ ಎಚ್ಚರ ಜನರಲ್ಲಿ ಬಂತಲ್ಲ, ಅದು ಒಳ್ಳೆಯದು. ನೀವು ತಾಲೂಕು ಆಸ್ಪತ್ರೆಗೆ ಹೋಗಿ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಇಸಿಜಿ, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ಇಷ್ಟು ನೋಡಿಸಿ. ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅಂತ ಡಾಕ್ಟರೇ ಹೇಳುತ್ತಾರೆ. ಆ ಕಾಗದಗಳನ್ನು ತಂದು ಅತ್ತೆಯವರ ಕೈಗೇ ಕೊಡಿ.

ಹಿಮೋಗ್ಲೋಬಿನ್ ಮಾತ್ರ ಬಿಡಲೇಬೇಡಿ. ಮೆಟ್ಟಿಲು ಹತ್ತಿದರೆ ಏದುಸಿರು ಅಂದಿರಿ, ಅದೂ ಇತ್ತೀಚೆಗೆ ಅಂದಿರಿ. ಅದನ್ನು ತೂಕದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಹೆಂಗಸರನ್ನು ನಾನು ದಿನಾ ನೋಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ನಲವತ್ತು ದಾಟಿದ ಮೇಲೆ ಮುಟ್ಟಿನಲ್ಲಿ ಸ್ರಾವ ಹೆಚ್ಚಾಗಿದ್ದರಂತೂ ಖಂಡಿತ ನೋಡಿಸಬೇಕು. ರಕ್ತ ಕಡಿಮೆ ಇರುವಾಗ ಇಂಟರ್ವಲ್ ಮಾಡಿದರೆ ಸುಸ್ತು ಬಿಟ್ಟು ಇನ್ನೇನೂ ಸಿಗುವುದಿಲ್ಲ.

ಈಗ ತೂಕದ ವಿಷಯ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 31ರ ಮೇಲಿದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಇಳಿಸಬೇಕೆಂಬ ನಿಮ್ಮ ಆಸೆ ಸರಿಯಾದದ್ದೇ. ಆದರೆ ಇಂಟರ್ವಲ್‌ನಿಂದ ತೂಕ ಬೇಗ ಇಳಿಯುತ್ತದೆ ಅನ್ನುವುದು ಪೂರ್ತಿ ನಿಜವಲ್ಲ, ಇದನ್ನು ಬಿಚ್ಚಿ ಹೇಳಲೇಬೇಕು. ಬೊಜ್ಜಿರುವವರ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಬಂತು. ಇಂಟರ್ವಲ್ ಮಾಡಿದವರಿಗೂ ಒಂದೇ ವೇಗದಲ್ಲಿ ಹೆಚ್ಚು ಹೊತ್ತು ವ್ಯಾಯಾಮ ಮಾಡಿದವರಿಗೂ ಕರಗಿದ ಕೊಬ್ಬು ಹೆಚ್ಚು ಕಡಿಮೆ ಒಂದೇ. ಇಂಟರ್ವಲ್‌ಗೆ ಸಮಯ ಮಾತ್ರ ಶೇ. 40ರಷ್ಟು ಕಡಿಮೆ ಸಾಕಾಯಿತು. ಓಟದಲ್ಲಿ ಫಲ ಚೆನ್ನಾಗಿ ಕಂಡಿತು, ಸೈಕಲ್ ತುಳಿದವರಲ್ಲಿ ಕೊಬ್ಬು ಇಳಿದದ್ದು ಕಾಣಲಿಲ್ಲ ಅಂತಲೂ ಅದರಲ್ಲಿದೆ.

ಲೆಕ್ಕ ಹಾಕಿ ನೋಡಿ, ಕಾರಣ ತಿಳಿಯುತ್ತದೆ. ನಿಮ್ಮ ತೂಕದವರು ಇಪ್ಪತ್ತು ಚಿಲ್ಲರೆ ನಿಮಿಷ ಇಂಟರ್ವಲ್ ತುಳಿದರೆ ಖರ್ಚಾಗುವುದು ಸುಮಾರು 150ರಿಂದ 200 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ವಾರಕ್ಕೆ ಮೂರು ದಿನ ತುಳಿದರೂ ಬರೀ ಸೈಕಲ್ಲಿನಿಂದ ಒಂದು ಕೆ.ಜಿ. ಇಳಿಯಲು ಮೂರು ತಿಂಗಳ ಮೇಲೆ ಬೇಕು. ಸೈಕಲ್ಲಿನ ಮೀಟರ್ ಡಬ್ಬಿಯಲ್ಲಿ 400 ಕ್ಯಾಲೊರಿ ಅಂತ ತೋರಿಸಿದರೆ ನಂಬಬೇಡಿ, ಅದಕ್ಕೆ ನಿಮ್ಮ ತೂಕವೂ ಗೊತ್ತಿಲ್ಲ, ತಿರುಪು ಎಷ್ಟರಲ್ಲಿದೆ ಅನ್ನುವುದೂ ಗೊತ್ತಿಲ್ಲ. ತುಳಿದು ಬಂದ ಹಸಿವಿಗೆ ಬೆಣ್ಣೆ ಹಾಕಿದ ಒಂದು ಅಕ್ಕಿ ರೊಟ್ಟಿ ಜಾಸ್ತಿ ತಿಂದರೆ ಖರ್ಚಾದದ್ದು ವಾಪಸ್ ಬಂತು.

ಹಾಗಾದರೆ ಯಾಕೆ ತುಳಿಯಬೇಕು? ಹೃದಯಕ್ಕೆ, ಉಸಿರಿಗೆ, ತೊಡೆಯ ಬಲಕ್ಕೆ, ರಕ್ತದ ಸಕ್ಕರೆ ಹತೋಟಿಗೆ ಇದರಷ್ಟು ಕಡಿಮೆ ಸಮಯದಲ್ಲಿ ಇಷ್ಟು ಲಾಭ ಕೊಡುವ ವ್ಯಾಯಾಮ ಕಡಿಮೆ. ದಮ್ಮು, ಅಂದರೆ ದಣಿಯದೆ ಕೆಲಸ ಮಾಡುವ ಶಕ್ತಿ, ಹೆಚ್ಚಿದರೆ ಇಡೀ ದಿನ ಹೆಚ್ಚು ಓಡಾಡುತ್ತೀರಿ, ತೂಕದ ಮೇಲೆ ಅದೂ ಕೆಲಸ ಮಾಡುತ್ತದೆ. ಜೊತೆಗೆ ಊಟ ಸರಿಯಾದರೆ ಸೊಂಟ ಇಳಿಯುತ್ತದೆ. ತಕ್ಕಡಿಯ ಜೊತೆ ಹೊಲಿಗೆ ಟೇಪನ್ನೂ ಇಟ್ಟುಕೊಳ್ಳಿ. ನಮ್ಮ ಹೆಂಗಸರಿಗೆ ಸೊಂಟ 80 ಸೆಂಟಿಮೀಟರಿನ ಒಳಗಿರಬೇಕು. ತಿಂಗಳಿಗೊಮ್ಮೆ ಅಳೆದರೆ ಸಾಕು.

ರೈಡರ್ ಅವರೇ, ನೀವು ಬರೆದ ತಬಾತಾ ನಿಮಗೆ ಸರಿ, ಟೀಚರಿಗಲ್ಲ. ಜಪಾನಿನ ಇಜುಮಿ ತಬಾತಾ ಅವರ ಅಧ್ಯಯನ 1996ರಲ್ಲಿ ಬಂದದ್ದು, ನಡೆದದ್ದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೇ. ಆದರೆ ತುಳಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು, ಬಹುತೇಕ ಕಾಲೇಜು ತಂಡಗಳ ಆಟಗಾರರು. ಏಳೆಂಟು ಸುತ್ತಿಗೆ ಕಾಲು ಸೋತು ಮುಂದೆ ತುಳಿಯಲಾಗದಷ್ಟು ಭಾರ ಇಟ್ಟಿದ್ದರು. ಅದಕ್ಕೂ ಮುಂಚೆ 10 ನಿಮಿಷ ಮೈ ಬಿಸಿ ಮಾಡಿಸಿದ್ದರು. ಅವರು ಅಳೆದದ್ದು ದಮ್ಮನ್ನು, ತೂಕ ಇಳಿಸುವುದು ಅದರ ಉದ್ದೇಶವೇ ಆಗಿರಲಿಲ್ಲ. ಮುಗಿದ ಮೇಲೂ ಕೊಬ್ಬು ಕರಗುವುದು ಇದೆ, ಆದರೆ ಅದರ ಪ್ರಮಾಣ ತೀರಾ ಸಣ್ಣದು. ಅದನ್ನು ನೆಚ್ಚಿಕೊಂಡು ಊಟ ಹಾಕಿಕೊಳ್ಳುವಂತಿಲ್ಲ.

ಟೀಚರ್, ನಿಮ್ಮ ಶುರು ಹೀಗಿರಲಿ. ಮೊದಲ ಎರಡು ವಾರ ಇಂಟರ್ವಲ್ ಬೇಡವೇ ಬೇಡ. ವಾರಕ್ಕೆ ನಾಲ್ಕು ದಿನ, 20 ನಿಮಿಷ, ಒಂದೇ ವೇಗ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಶ್ರಮ. ಸೀಟಿಗೆ, ಮಂಡಿಗೆ, ಬೆನ್ನಿಗೆ ಅಭ್ಯಾಸವಾಗಲು ಈ ಎರಡು ವಾರ ಬೇಕೇ ಬೇಕು.

ಮೂರನೇ ವಾರದಿಂದ ಎರಡು ದಿನ ಮಾತ್ರ ಇಂಟರ್ವಲ್, ನಡುವೆ ಕನಿಷ್ಠ ಒಂದು ದಿನ ಬಿಡುವು. ಮೊದಲು 6 ನಿಮಿಷ ನಿಧಾನ. ಒಲೆ ಹೊತ್ತಿಸಿದ ಕೂಡಲೇ ಹಂಡೆಯ ನೀರು ಕಾಯುವುದಿಲ್ಲ, ಮೈಯೂ ಹಾಗೇ, ಆ 6 ನಿಮಿಷ ತಪ್ಪಿಸಬೇಡಿ. ಆಮೇಲೆ 30 ಸೆಕೆಂಡು ಜೋರು, 90 ಸೆಕೆಂಡು ನಿಧಾನ, ಹೀಗೆ 6 ಸುತ್ತು. ಕೊನೆಗೆ 5 ನಿಮಿಷ ನಿಧಾನ ತುಳಿದು ಇಳಿಯಿರಿ. ಒಟ್ಟು 23 ನಿಮಿಷ. ಜೋರು ತುಳಿದ ಕೂಡಲೇ ಥಟ್ಟನೆ ನಿಲ್ಲಿಸಿ ಇಳಿಯಬಾರದು, ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಉಳಿದ ಎರಡು ದಿನ ಮೊದಲಿನ ಹಾಗೆ ಒಂದೇ ವೇಗ.

ಐದನೇ ವಾರಕ್ಕೆ 6 ಸುತ್ತು ಸಲೀಸಾಗಿದ್ದರೆ 8 ಮಾಡಿ. ಎರಡು ತಿಂಗಳ ಹೊತ್ತಿಗೆ ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನದ ಕಡೆ ಹೋಗಬಹುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ ಪ್ರಯೋಗ ಮಾಡಿದ ಕ್ರಮ ಅದು, ಅದರಲ್ಲಿ ಹತ್ತು ಸುತ್ತು. ಸಾಮಾನ್ಯ ಜನರಿಗೆ ಒಗ್ಗುವ ಕ್ರಮಗಳಲ್ಲಿ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ನಿಮಗೆ ಆರು ಸುತ್ತಿಗೆ ಮುಟ್ಟಿದರೂ ದೊಡ್ಡದು.

ಜೋರು ಅಂದರೆ ಎಷ್ಟು? ಇಲ್ಲೇ ಎಲ್ಲರೂ ಎಡವುವುದು. 0ಯಿಂದ 10ರ ಅಳತೆ ಮನಸ್ಸಲ್ಲಿಟ್ಟುಕೊಳ್ಳಿ, ಸ್ವೀಡನ್ನಿನ ಗುನ್ನಾರ್ ಬೋರ್ಗ್ ಕೊಟ್ಟದ್ದು, ನಮ್ಮ ವಿಭಾಗದ ಗೋಡೆಯ ಮೇಲೂ ಅಂಟಿಸಿದ್ದೇವೆ. ಸುಮ್ಮನೆ ಕೂತರೆ 0, ಇನ್ನು ಒಂದು ಕ್ಷಣವೂ ಆಗದು ಅಂದರೆ 10. ನಿಮ್ಮ ಜೋರು ಮೊದಲ ತಿಂಗಳು 6, ಆಮೇಲೆ 7. ಎರಡು ಮೂರು ಪದ ಮಾತ್ರ ಬಾಯಲ್ಲಿ ಬರಬೇಕು. 90 ಸೆಕೆಂಡು ಮುಗಿಯುವಷ್ಟರಲ್ಲಿ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಆಗದಿದ್ದರೆ ಇನ್ನೂ ಒಂದು ನಿಮಿಷ ನಿಧಾನ ತುಳಿಯಿರಿ, ಗಡಿಯಾರಕ್ಕೆ ಹೆದರಬೇಡಿ. ಕೊನೆಯ ಸುತ್ತು ಮೊದಲ ಸುತ್ತಿನಷ್ಟೇ ಚೆನ್ನಾಗಿ ಬಂದರೆ ನೀವು ಸರಿಯಾಗಿ ಮಾಡಿದ್ದೀರಿ ಅಂತ ಅರ್ಥ.

ತಿರುಪಿನ ನಂಬರ್ ನಾನು ಹೇಳಲು ಬರುವುದಿಲ್ಲ, ಒಂದು ಸೈಕಲ್ಲಿನ 4 ಇನ್ನೊಂದರ 6 ಆಗಿರುತ್ತದೆ. ಗುರುತು ಇದು: ಜೋರಾಗಿ ತುಳಿಯುವಾಗ ಸೀಟಿನ ಮೇಲೆ ಕುಪ್ಪಳಿಸುತ್ತಿದ್ದರೆ ತಿರುಪು ಸಡಿಲ, ಒಂದು ಹಂತ ಬಿಗಿ ಮಾಡಿ. ಪೆಡಲ್ ನಿಮಿಷಕ್ಕೆ 60 ಸುತ್ತೂ ಬಾರದೆ ಮಂಡಿಯ ಮೇಲೆ ಭಾರ ಬೀಳುತ್ತಿದ್ದರೆ ಬಿಗಿ ಹೆಚ್ಚಾಯಿತು. ಸೀಟು ಎಷ್ಟು ಎತ್ತರ ಅಂದರೆ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿದ ಹಾಗೇ ಉಳಿಯುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸೀಟು ಏರಿಸಿ, ಹಿಂದೆ ನೋವು ಬಂದರೆ ಇಳಿಸಿ. ಸಡಿಲ ಚೂಡಿದಾರ ಪ್ಯಾಂಟು, ದುಪಟ್ಟಾ ಎರಡೂ ಬೇಡ, ಪೆಡಲಿಗೆ ಸುತ್ತಿಕೊಳ್ಳುತ್ತವೆ.

ಮಳೆಗಾಲದ ನಿಮ್ಮ ಜಗಲಿಯಲ್ಲಿ ಗಾಳಿ ತೇವವಾಗಿರುತ್ತದೆ, ಬೆವರು ಆರುವುದಿಲ್ಲ, ಮೈ ಬೇಗ ಕಾಯುತ್ತದೆ. ಎದುರಿಗೆ ಟೇಬಲ್ ಫ್ಯಾನ್ ಇಡಿ. ಕರೆಂಟ್ ಹೋದ ದಿನ ಇಂಟರ್ವಲ್ ಬಿಟ್ಟು ನಿಧಾನ ತುಳಿಯಿರಿ.

ಎದೆ ಬಿಗಿಯುವುದು, ದವಡೆಗೋ ಎಡಗೈಗೋ ನೋವು ಹರಿಯುವುದು, ಕಣ್ಣು ಕತ್ತಲೆ ಬರುವುದು, ಬಡಿತ ತಾಳ ತಪ್ಪಿದ ಹಾಗೆ ಅನ್ನಿಸುವುದು, ಇವುಗಳಲ್ಲಿ ಯಾವುದೇ ಆದರೂ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಗ್ಯಾಸ್ ಇರಬಹುದು ಅಂತ ಕಾಯಬಾರದು. ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಅಭ್ಯಾಸವೇ ಇಲ್ಲದವರು ಮೊದಲ ದಿನವೇ ಹುರುಪಿನಿಂದ ವಿಪರೀತ ತುಳಿದರೆ ತೊಡೆಯ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಕೊಡುತ್ತದೆ. ಒಂದೆರಡು ದಿನದಲ್ಲಿ ತೊಡೆ ಊದಿ ಸಹಿಸಲಾಗದ ನೋವು ಬಂದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು. ಗುಂಪಾಗಿ ತುಳಿಸುವ ಸ್ಪಿನ್ ಕ್ಲಾಸಿಗೆ ಮೊದಲ ಸಲ ಹೋಗಿ ಹೀಗೆ ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ನಾನು ಮೊದಲ ಎರಡು ವಾರದ ಬಗ್ಗೆ ಅಷ್ಟು ಹಟ ಹಿಡಿಯುವುದು ಇದಕ್ಕೇ.

ಜಯನಗರ ರೈಡರ್:

ಅಕ್ಕ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ತಬಾತಾ ಆಟಗಾರರ ಮೇಲೆ ನಡೆದಿದ್ದು ಅಂತ ನನಗೆ ಗೊತ್ತಿರಲಿಲ್ಲ. ಒಂದು ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಒಂದು ಸ್ಟಡಿ ಬಂತಲ್ಲ, 8 ಸೆಕೆಂಡ್ ಜೋರು 12 ಸೆಕೆಂಡ್ ನಿಧಾನ, 20 ನಿಮಿಷ, ವಾರಕ್ಕೆ ಮೂರು ದಿನ. 15 ವಾರದಲ್ಲಿ ಸೈಕಲ್ ಮೇಲೇ ಹೆಂಗಸರಿಗೆ ಕೊಬ್ಬು ಇಳೀತು, ಒಂದೇ ವೇಗದಲ್ಲಿ ತುಳಿದವರಿಗೆ ಇಳೀಲಿಲ್ಲ ಅಂತ ಇತ್ತು. ಅದು ಟೀಚರ್‌ಗೆ ಆಗಲ್ವಾ?

ಕಡಲತಡಿ ಫಿಸಿಯೋ:

ಒಳ್ಳೆಯ ಪ್ರಶ್ನೆ. ಆ ಅಧ್ಯಯನ ನಿಜ, ಫಲಿತಾಂಶವೂ ನಿಜ. ಆದರೆ ಅದು ಎಳೆ ವಯಸ್ಸಿನ ಹೆಣ್ಣುಮಕ್ಕಳ ಸಣ್ಣ ಗುಂಪು, ಎಲ್ಲರೂ ಬೊಜ್ಜಿರುವವರೂ ಅಲ್ಲ. ಅಂಥ ಒಂದನ್ನೇ ಹಿಡಿದು 44ರ ಟೀಚರಿಗೆ ಭರವಸೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. 8 ಸೆಕೆಂಡಿಗೊಮ್ಮೆ ವೇಗ ಬದಲಿಸುವುದಕ್ಕೆ ಕಾಲು ಪಳಗಿರಬೇಕು, ತಿರುಪಿನ ಸೈಕಲ್ಲಿನಲ್ಲಿ ಅದು ಇನ್ನೂ ಕಷ್ಟ. ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಆಸೆಯಾದರೆ ಅವರು ಪ್ರಯತ್ನಿಸಲಿ.

ಹುಬ್ಬಳ್ಳಿ ಸ್ಟೇರಿಂಗ್:

ಟೀಚರ್ ಅಕ್ಕಾರ, ನಮಸ್ಕಾರ್ರಿ. ನಾ ಸರ್ಕಾರಿ ಬಸ್ ಡ್ರೈವರ್ ಇದ್ದೆ, ಈಗ ರಿಟೈರ್ ಆಗೇನಿ. ವಯಸ್ಸು 61. ವರ್ಷಗಟ್ಟಲೆ ಕುಂತ ಕೆಲಸಾ, ಹೊಟ್ಟಿ ಬಂದಿತ್ತು, ಸಕ್ಕರಿ ಬ್ಯಾನಿನೂ ಹತ್ತಿತ್ತು. ಮಗಾ ಸೈಕಲ್ ತಂದು ಪಡಸಾಲ್ಯಾಗ ಇಟ್ಟ. ಮೇಡಂ ಹೇಳಿದ್ದು ಖರೇ ಐತ್ರಿ, ತೂಕಕ್ಕಿಂತ ಮೊದಲ ಉಸುರು ಸುಧಾರಸ್ತೈತಿ. ನೃಪತುಂಗ ಬೆಟ್ಟ ಹತ್ತೂ ಮುಂದ ನಡನಡುವ ನಿಂದರತಿದ್ದೆ, ಈಗ ಮಾತಾಡಕೋಂತ ಹತ್ತತೇನಿ. ತೂಕಾ ಬಾಳ ದಿನಾ ಅಲ್ಲೇ ಇತ್ತು. ರಾತ್ರಿ ಊಟದಾಗ ಒಂದು ರೊಟ್ಟಿ ಕಡಿಮಿ ಮಾಡಿ ಮುಂಜಾನಿ ಮಡಕಿಕಾಳು, ಹೆಸರಕಾಳು ಮೊಳಕಿ ಒಡಸಿ ತಿನ್ನಾಕ ಚಾಲೂ ಮಾಡಿದ ಮ್ಯಾಲೆ ಹೊಟ್ಟಿ ಇಳೀತು. ಪ್ಯಾಂಟಿನ ಬೆಲ್ಟಿಗೆ ಹೊಸಾ ತೂತು ಹಾಕಿಸೇನಿ.

ಎರಡು ಮಾತು ಹೇಳತೇನ್ರಿ. ಒಂದು, ಮೊಬೈಲ್ ನೋಡಕೋಂತ ತುಳೀಬ್ಯಾಡ್ರಿ. ಎದುರಿನ ಗ್ವಾಡಿಗೆ ಸೆಕೆಂಡ್ ಮುಳ್ಳಿನ ದೊಡ್ಡ ಗಡಿಯಾರ ಹಾಕ್ರಿ. ಮುಳ್ಳು 12ಕ್ಕ ಬಂದಾಗ ಜೋರು, 6ಕ್ಕ ಬಂದಾಗ ನಿಧಾನ, ಆಮ್ಯಾಲೆ ಒಂದು ಪೂರಾ ಸುತ್ತು ಬಿಟ್ಟು ಮತ್ತ 12ಕ್ಕ ಜೋರು. ಲೆಕ್ಕಾ ತಪ್ಪೂದಿಲ್ಲ. ಎರಡನೇದು, ಇದು ಸಕ್ಕರಿ ಬ್ಯಾನಿ ಇದ್ದವರು ಓದಲಿ ಅಂತ ಬರೀತೇನಿ. ಗ್ಲಿಮೆಪಿರೈಡ್ ಗುಳಿಗಿ, ಇಲ್ಲಾ ಇನ್ಸುಲಿನ್ ಇದ್ದವರು ಖಾಲಿ ಹೊಟ್ಟೀಲೆ ಇಂಟರ್ವಲ್ ಮಾಡಬಾರದು. ನಮ್ಮ ಡಾಕ್ಟ್ರು ಮೊದಲ ಶುಗರ್ ನೋಡಕೋ, 100ರ ಕೆಳಗ ಇದ್ದರ ಏನರ ತಿಂದು ಹತ್ತು ಅಂದಾರ. ಕೈ ನಡುಗಿ ತಣ್ಣನ ಬೆವರು ಬಂತಂದ್ರ ತುಳಿಯೂದು ಬಿಟ್ಟು ಗ್ಲೂಕೋಸ್ ತಗೋಬೇಕು. ನಾ ಅಂಗಿ ಕಿಸೇದಾಗ ಪುಡಿಕಿ ಇಟಗೊಂಡೇ ತುಳೀತೇನ್ರಿ.

ನಿಮ್ಮ ಕಡೆ ಮಳಿ ಬಾಳ. ಸೈಕಲ್ಲಿಗೆ ಬೆವರು ಬಿದ್ದದ್ದು ದಿನಾ ವರಸ್ರಿ, ಇಲ್ಲಾಂದ್ರ ಬೋಲ್ಟ್ ತುಕ್ಕ ಹಿಡೀತಾವ. ಪೆಡಲ್ ಬೋಲ್ಟ್ ವಾರಕ್ಕೊಮ್ಮೆ ಪಾನಾ ಹಾಕಿ ಬಿಗಿ ಮಾಡ್ರಿ. ನೆಲಾ ನುಣ್ಣಗ ಇದ್ರ ಕೆಳಗ ದಪ್ಪನ ರಬ್ಬರ್ ಹಾಸ್ರಿ.

ತುಂಗೆದಡದ ಟೀಚರ್:

ಎಲ್ಲರಿಗೂ ಮನಸಾರೆ ವಂದನೆ. ಹುಬ್ಬಳ್ಳಿ ಅಣ್ಣ, ಗಡಿಯಾರ ಹಾಕಿಯಾಯಿತು, ಶಾಲೆಯ ಮಕ್ಕಳಿಗೆ ಕಾಲು ಗಂಟೆ ಅರ್ಧ ಗಂಟೆ ಕಲಿಸಲು ಇಟ್ಟುಕೊಂಡಿದ್ದ ದೊಡ್ಡ ಗಡಿಯಾರವೇ ಸಿಕ್ಕಿತು. ರೆಡ್ ಆಕ್ಸೈಡ್ ನೆಲ, ಸೈಕಲ್ ಜಾರುತ್ತಿತ್ತು. ಸದ್ಯಕ್ಕೆ ಗೋಣಿಚೀಲ ಮಡಚಿ ಹಾಸಿದ್ದೇನೆ.

ಫಿಸಿಯೋ ಮೇಡಂ, ನೀವು ಹೇಳಿದ ಪರೀಕ್ಷೆ ಎಲ್ಲ ಮಾಡಿಸಿದೆ. ಇಸಿಜಿ ಸರಿ ಇದೆ, ಬಿಪಿ ಸರಿ ಇದೆ, ಸಕ್ಕರೆ ಗಡಿಯ ಹತ್ತಿರ ಇದೆ ಅಂದರು, ಟಿಎಸ್‌ಎಚ್ ಪರವಾಗಿಲ್ಲ. ಹಿಮೋಗ್ಲೋಬಿನ್ ಮಾತ್ರ 9.6 ಬಂದಿದೆ. ನೀವು ಮುಟ್ಟಿನ ಬಗ್ಗೆ ಬರೆದದ್ದು ನನ್ನ ವಿಷಯದಲ್ಲಿ ನಿಜವೇ ಆಗಿತ್ತು, ಡಾಕ್ಟರ್ ಸ್ಕ್ಯಾನಿಂಗಿಗೂ ಬರೆದುಕೊಟ್ಟಿದ್ದಾರೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅದನ್ನು ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ಖಾಲಿ ಹೊಟ್ಟೆಗೆ ತಗೊಂಡರೆ ಆಗುತ್ತದಾ? ಸೈಕಲ್ ಬಿಟ್ಟುಬಿಡಲಾ? ಅತ್ತೆ ಇಸಿಜಿ ಕಾಗದ ದೇವರ ಮುಂದೆ ಇಟ್ಟಿದ್ದಾರೆ, ಈಗ ಬಾಗಿಲಲ್ಲಿ ನಿಲ್ಲುವ ಬದಲು ಪಕ್ಕದಲ್ಲಿ ಕೂತು ಹೂವು ಕಟ್ಟುತ್ತಾರೆ.

ನಮ್ಮ ಮನೆಯವರು ವಾಚು ಕಟ್ಟಿಕೊಂಡು ತುಳಿಯುತ್ತಾರೆ. ಎಷ್ಟು ಜೋರು ಮಾಡಿದರೂ ಬಡಿತ 115 ದಾಟುವುದಿಲ್ಲ, ಇನ್ನೂ ಜೋರು ಮಾಡಬೇಕೇನೋ ಅನ್ನುತ್ತಾರೆ.

ಕಡಲತಡಿ ಫಿಸಿಯೋ:

ಟೀಚರ್, ಮೊದಲು ಮನೆಯವರಿಗೆ ಇವತ್ತೇ ಹೇಳಿ, ಇನ್ನೂ ಜೋರು ಮಾಡಬಾರದು. ಮೆಟೊಪ್ರೊಲಾಲ್‌ನ ಕೆಲಸವೇ ಹೃದಯದ ಬಡಿತವನ್ನು ತಗ್ಗಿಸುವುದು. 220ರಲ್ಲಿ ವಯಸ್ಸು ಕಳೆದು ಅದರ ಶೇ. 85ಕ್ಕೆ ಮುಟ್ಟಬೇಕು ಅನ್ನುವ ಲೆಕ್ಕ ಆ ಮಾತ್ರೆ ತಗೊಳ್ಳುವವರಿಗೆ ಹೊಂದುವುದಿಲ್ಲ. ಅವರು 52ರಿಂದ ಲೆಕ್ಕ ಹಾಕಿ 143ರ ಬೆನ್ನು ಹತ್ತಿದರೆ ಮೈ ಮಿತಿ ಮೀರಿರುತ್ತದೆ, ವಾಚಿಗೆ ಗೊತ್ತಾಗುವುದಿಲ್ಲ. ವಾಚು ಬಿಚ್ಚಿಡಲಿ. ಉಸಿರಿನ ಅಳತೆಯೇ ಅವರಿಗೂ ಅಳತೆ, ಸದ್ಯಕ್ಕೆ ಆ 0ಯಿಂದ 10ರ ಅಳತೆಯಲ್ಲಿ 4ರಲ್ಲಿ ಇರಲಿ. ಮಾತ್ರೆಯನ್ನು ತಾವಾಗಿ ನಿಲ್ಲಿಸುವ ಯೋಚನೆ ಮಾತ್ರ ಮಾಡಬಾರದು, ಆ ಮಾತ್ರೆ ಥಟ್ಟನೆ ನಿಲ್ಲಿಸುವುದು ಅಪಾಯ. ಇಂಟರ್ವಲ್ ಬೇಕೆಂದರೆ ಅವರ ಡಾಕ್ಟರ್ ಒಪ್ಪಿಗೆ ಪಡೆದ ಮೇಲೆ.

ಈಗ ನಿಮ್ಮದು. ಹೆಂಗಸರಿಗೆ 12 ಇರಬೇಕಾದ್ದು 9.6 ಅಂದರೆ ನಿಮ್ಮ ಏದುಸಿರಿಗೆ ಅದೂ ದೊಡ್ಡ ಕಾರಣ. ಇಷ್ಟು ದಿನ ತೂಕವನ್ನೇ ಬೈದುಕೊಂಡು ಮೆಟ್ಟಿಲು ಹತ್ತಿದ್ದೀರಿ, ಪಾಪ. ಸ್ಕ್ಯಾನಿಂಗ್ ಮುಂದೂಡಬೇಡಿ, ರಕ್ತ ಎಲ್ಲಿ ಹೋಗುತ್ತಿದೆ ಅನ್ನುವುದು ಗೊತ್ತಾಗದೆ ಮಾತ್ರೆ ತಿಂದರೆ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಎರಡು ಮಾತ್ರೆಗಳನ್ನು ಖಂಡಿತ ಒಟ್ಟಿಗೆ ತಗೊಳ್ಳಬೇಡಿ. ಕಬ್ಬಿಣ ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆ ಮೊದಲಿನ ಹಾಗೇ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಬ್ಬಿಣ ಮಧ್ಯಾಹ್ನದ ಮೇಲೋ ರಾತ್ರಿಯೋ. ಕಬ್ಬಿಣದ ಮಾತ್ರೆಗೆ ಲಿಂಬೆ ಪಾನಕ ಒಳ್ಳೆಯದು, ಕಾಫಿ ಟೀ ಮಾತ್ರ ಅದರ ಆಸುಪಾಸು ಬೇಡ. ಮಲ ಕಪ್ಪಗಾದರೆ ಗಾಬರಿಯಾಗಬೇಡಿ, ಮಾತ್ರೆಯಿಂದ ಹಾಗಾಗುತ್ತದೆ. ಎಚ್‌ಬಿ (ಹಿಮೋಗ್ಲೋಬಿನ್) ಏರಿತೆಂದು ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹೇಳುವವರೆಗೆ ನಡೆಯಲಿ. ಈ ಅಂತರದ ವಿಷಯ ನಿಮ್ಮ ಡಾಕ್ಟರಿಗೂ ನೆನಪಿಸಿ, ಥೈರಾಯ್ಡ್ ಮಾತ್ರೆ ಇರುವುದು ಅವರ ಚೀಟಿಯಲ್ಲಿ ಬರೆದಿದೆಯೋ ಇಲ್ಲವೋ.

ಸೈಕಲ್ ಬಿಡಬೇಡಿ, ಆದರೆ ಇಂಟರ್ವಲ್ ಸದ್ಯಕ್ಕೆ ಬೇಡ. ನಿಮ್ಮ ಡಾಕ್ಟರ್ ಬೇಡ ಅನ್ನದಿದ್ದರೆ ವಾರಕ್ಕೆ ನಾಲ್ಕು ದಿನ 10ರಿಂದ 15 ನಿಮಿಷ, ಆರಾಮವಾಗಿ ಮಾತಾಡುತ್ತಾ ತುಳಿಯುವಷ್ಟು. ಅತ್ತೆಯವರು ಪಕ್ಕದಲ್ಲಿ ಕೂರುತ್ತಾರೆ ಅಂದಿರಲ್ಲ, ಅವರ ಜೊತೆ ಮಾತು ನಿಲ್ಲದೆ ಸಾಗಿದರೆ ವೇಗ ಸರಿಯಾಗಿದೆ ಅಂತ ಲೆಕ್ಕ. ತಟ್ಟೆಯಲ್ಲಿ ಅನ್ನ ಸ್ವಲ್ಪ ತಗ್ಗಿಸಿ, ಬಸಳೆ, ಹರಿವೆ, ಮೊಳಕೆಕಾಳು, ಮೊಟ್ಟೆ ಮೀನು ತಿನ್ನುವವರಾದರೆ ಅದೂ ಇರಲಿ. ಸಕ್ಕರೆ ಗಡಿಯ ಹತ್ತಿರ ಇದೆ ಅಂದರೆ ಇದು ಈಗಿನಿಂದಲೇ ಬೇಕು.

ಒಂದು ತಿಂಗಳಿಗೆ ಮತ್ತೆ ಎಚ್‌ಬಿ ನೋಡಿಸಿ. 11 ದಾಟಿ, ಮೆಟ್ಟಿಲು ಹತ್ತಿದರೂ ಉಸಿರು ಸಲೀಸಾಗಿದೆ ಅನ್ನಿಸಿದ ಮೇಲೆ, ಡಾಕ್ಟರ್ ಸರಿ ಅಂದರೆ 30 ಸೆಕೆಂಡಿನ ಸುತ್ತು ಶುರು ಮಾಡೋಣ. ಮೊದಲ ದಿನ 6 ಬೇಡ, 4 ಸುತ್ತು ಸಾಕು. ಹೊಸ ರಿಪೋರ್ಟ್ ಬಂದಾಗ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.